ತಂತಿಯ ಮೇಲಿನ ಚಿಂದಿ

ಬೆಂಕಿ ಆರಿತ್ತು. ಅನುಮಾನ ಆಗಷ್ಟೇ ಹೊತ್ತಿಕೊಂಡಿತ್ತು.

ಹಿತ್ತಲಿನ ಕೆಲಸದ ಶೆಡ್ಡಿನಲ್ಲಿ ಮಸಿ ಹಿಡಿದ ಗೋಡೆ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಡಾಕ್ಟರ ಮನೆಗೆಂದು ಅಣ್ಣ ತಮ್ಮ ಇಬ್ಬರೂ ಚಳಿಗಾಲವಿಡೀ ಕೂತು ಮಾಡಿದ ಪುಸ್ತಕದ ಕಪಾಟು ಕರಕಲಾಗಿ ಮಗ್ಗುಲು ಬಿದ್ದಿತ್ತು. ಅದರ ಒಂದು ಬಾಗಿಲನ್ನಾದರೂ ಉಳಿಸುತ್ತೇನೆಂದು ನುಗ್ಗಿದ ಅಣ್ಣನ ಎರಡೂ ಅಂಗೈ ಸುಟ್ಟಿದ್ದವು. ಕೈ ಹೋದ ಬಡಗಿಗೆ ಇನ್ನೇನು ಉಳಿಯಿತು? ಬಟ್ಟೆ ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವನು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದ.

“ಇದನ್ನ ಮಾಡಿದವರು ಯಾರೇ ಆಗಿರಲಿ,” ಎಂದ, “ಇನ್ಮೇಲೆ ನನ್ನ ಹೊಸ್ತಿಲು ತುಳಿಯೋದು ಬೇಡ. ಮನೆಯವರೇ ಆದ್ರೂ ಸರಿ.”

ಬಾಗಿಲಲ್ಲಿದ್ದ ಹೆಂಡತಿಗೆ ಅದು ಕೇಳಿಸಿತು. ಮನೆಯವರೆಂದರೆ ಇದ್ದವರು ಮೂವರೇ. ಅವಳು ಮೈದುನನ ಕಡೆ ನೋಡಿದಳು. ಅವನು ಬಗ್ಗಿಕೊಂಡು ಬೂದಿ ಕೆದಕುತ್ತಿದ್ದ.

ಅನುಮಾನ ಪಡದೆ ಹೇಗಿರುವುದು? ಹಿಂದಿನ ಮಧ್ಯಾಹ್ನ ತಾನೇ ಇಬ್ಬರೂ ಕಚ್ಚಾಡಿದ್ದರು. ತಮ್ಮನಿಗೆ ಮೆಷಿನ್ನಿನಲ್ಲಿ ವಾರ್ನಿಷ್ ಹೊಡೆದು ಬೇಗ ಮುಗಿಸುವ ಆತುರ. ಅಣ್ಣನದು ಅಗಸೆ ಎಣ್ಣೆಯ ಹಠ: ಹಳೇ ಬಟ್ಟೆಯನ್ನು ಎಣ್ಣೆಯಲ್ಲದ್ದಿ, ಮರದ ಗೆರೆ ಹಿಡಿದು ಕೈಯಲ್ಲೇ ತಿಕ್ಕಬೇಕು.

“ಹೀಗೇ ಉಜ್ಜಿದ್ರೆ ನನ್ನ ಬೆರಳಚ್ಚೇ ಅಳಿಸಿಹೋಗುತ್ತೆ ಅಣ್ಣ. ಆಮೇಲೆ ಕಳ್ಳತನಕ್ಕೆ ಮಾತ್ರ ಲಾಯಕ್ಕು.”

“ಕದಿಯೋಕೂ ಮೈ ಬಗ್ಗಬೇಕು ಕಣೋ. ಸುಮ್ನೆ ಉಜ್ಜು.”

ನಗೆಯಲ್ಲಿ ಶುರುವಾದದ್ದು ಕೂಗಾಟಕ್ಕೆ ತಿರುಗಿತ್ತು. “ಬೆಂಕಿ ಹಾಕು ನಿನ್ನ ಕಪಾಟಿಗೆ!” ಎಂದು ತಮ್ಮ ಕಿರುಚಿದ್ದು ಅಡುಗೆಮನೆಯವರೆಗೂ ಕೇಳಿಸಿತ್ತು. ಆದರೂ ಕೊನೆಯ ಸಲ ಎಣ್ಣೆ ತಿಕ್ಕಿ, ಬಟ್ಟೆಗಳನ್ನು ತಂತಿಗೆ ಹಾಕಿ, ಮುಖ ಗಂಟಿಕ್ಕಿಕೊಂಡೇ ಹೊರಬಿದ್ದಿದ್ದ.

ಆ ಸಂಜೆ ಅವಳೇ ಶೆಡ್ಡಿಗೆ ಕೈ ಹಾಕಿದ್ದಳು. ಬೇರೆ ಬೀದಿಯಲ್ಲಿದ್ದ ಕೆಲಸ ಹಿತ್ತಲಿಗೆ ಬಂದು ವರ್ಷ ತುಂಬಿರಲಿಲ್ಲ. “ಒಳಗೆ ಏನನ್ನೂ ಮುಟ್ಟಬೇಡ” ಎಂದು ಗಂಡ ಹೇಳಿದ್ದ ನಿಜ. ಆದರೆ ಬೆಳಗ್ಗೆ ಡಾಕ್ಟರ ಹೆಂಡತಿ ಕಪಾಟು ನೋಡಲು ಬರುವವರಿದ್ದರು. ಹೊಟ್ಟು ಗುಡಿಸಿದಳು, ಉಳಿಗಳನ್ನು ಸಾಲಾಗಿ ಜೋಡಿಸಿದಳು, ತಂತಿಯ ಮೇಲೆ ಜೋತಾಡುತ್ತಿದ್ದ ಚಿಂದಿಗಳನ್ನು ಮುದ್ದೆ ಮಾಡಿ ರಟ್ಟಿನ ಪೆಟ್ಟಿಗೆಗೆ ತುರುಕಿ ಮೂಲೆಗೆ ತಳ್ಳಿದಳು, ಕಿಟಕಿ ಎಳೆದುಕೊಂಡಳು. ಹುಟ್ಟಿದಾಗಿನಿಂದ ಒಪ್ಪ ಓರಣ ಕಾಣದ ಜಾಗ ಮದುಮಗಳ ಹಾಗೆ ಸಿಂಗಾರಗೊಂಡಿತ್ತು. ಬೆಳಗಾಗುವುದರೊಳಗೆ ಎಲ್ಲ ಬೂದಿ.

ಬೆಂಕಿ ಕಂಡಾಗ ಎಲ್ಲರಿಗಿಂತ ಮೊದಲು ಅಂಗಳದಲ್ಲಿ ನಿಂತಿದ್ದವನೂ ಮೈದುನನೇ.

ಅವಳು ಒಳಗೆ ನೀರು ಕಾಯಿಸುತ್ತಿದ್ದಾಗ ಅವನು ಮಸಿಗೈಯಲ್ಲೇ ಬಂದು ನಿಂತ. ದನಿ ತಗ್ಗಿಸಿ ಕೇಳಿದ: “ಅತ್ತಿಗೆ, ತಂತಿ ಮೇಲಿದ್ದ ಬಟ್ಟೆ ಏನಾದ್ವು?”

“ಶೆಡ್ಡೇ ಉರಿದುಹೋಗಿದೆ, ಇವನಿಗೆ ಚಿಂದಿಯ ಚಿಂತೆ! ನಾನೇ ತೆಗೆದು ಪೆಟ್ಟಿಗೆಗೆ ತುರುಕಿಟ್ಟೆ ಕಣಪ್ಪ, ಬಂದವರ ಎದುರು ಮಾನ ಹೋಗಬಾರದು ಅಂತ. ನೀನು ಮಾತು ಮರೆಸಬೇಡ.” ಅವನು ಶಾಲೆಗೆ ಹೋಗುತ್ತಿದ್ದಾಗಿನಿಂದ ತಟ್ಟೆಗೆ ಬಡಿಸಿದವಳು ಅವಳು. “ನಿಜ ಹೇಳು. ನಿನ್ನದೇ ಕೆಲಸ ತಾನೆ?”

ಅವನು ಅವಳನ್ನೇ ದಿಟ್ಟಿಸಿದ. ಆಮೇಲೆ ಕಿಟಕಿಯಾಚೆ, ಬಟ್ಟೆ ಸುತ್ತಿದ ಆ ಎರಡು ಕೈಗಳನ್ನು.

“ಅಣ್ಣನಿಗೆ ಏನಾದ್ರೂ ಹೇಳಿದ್ದೀರಾ?”

“ಇನ್ನೂ ಇಲ್ಲ.”

“ಬೇಡ. ನಾನೇ ಹೇಳ್ತೀನಿ.”

ಹೋಗಿ ಅಣ್ಣನ ಎದುರು ಕುಕ್ಕರುಗಾಲಲ್ಲಿ ಕೂತ. “ಸಿಗರೇಟು ಸೇದ್ತಿದ್ದೆ ಅಣ್ಣ. ತುಂಡು ಎಲ್ಲಿ ಬಿಸಾಕಿದೆ ಅಂತ ನೋಡಲಿಲ್ಲ.”

“ಸೇದೋದು ಬಿಟ್ಟೆ ಅಂದಿದ್ಯಲ್ಲ?”

“ಬಿಟ್ಟಿರಲಿಲ್ಲ.”

ಸದಾ ಬಾಯಲ್ಲಿ ಲವಂಗ ಇಟ್ಟುಕೊಂಡು ತಿರುಗುತ್ತಿದ್ದವನು ಇಷ್ಟು ದಿನ ಎಲ್ಲರ ಕಣ್ಣಿಗೂ ಮಣ್ಣೆರಚಿದ್ದನೇ! ಅಣ್ಣ ಬೈಯಲಿಲ್ಲ. ಮುಖ ತಿರುಗಿಸಿದ, ಅಷ್ಟೇ. ತಮ್ಮ ಒಂದು ಚೀಲ ಹೆಗಲಿಗೇರಿಸಿ ಹೊರಟ. ಬಾಗಿಲಲ್ಲಿ ನಿಂತು, “ಅಣ್ಣನ ಕೈಗೆ ನೀರು ತಾಗದ ಹಾಗೆ ನೋಡ್ಕೊಳ್ಳಿ ಅತ್ತಿಗೆ,” ಎಂದ. ಅವಳು ಬಾಗಿಲು ಹಾಕಿಕೊಂಡಳು.

ಬೇಸಿಗೆ ಕಳೆಯಿತು. ಶೆಡ್ಡಿಗೆ ಹೊಸ ಮಾಡು ಬಂತು. ಅಣ್ಣನ ಕೈಯ ಗಾಯ ಮಾಗಿತು, ಆದರೆ ಬೆರಳು ಗಟ್ಟಿಯಾಗಿ ಮಡಚುತ್ತಿರಲಿಲ್ಲ. ತಮ್ಮನ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ. ಆದರೂ ಉದ್ದನೆಯ ಹಲಗೆ ಎತ್ತುವಾಗ ಬಾಯಿತಪ್ಪಿ, “ಆ ತುದಿ ಹಿಡಿಯೋ,” ಎಂದುಬಿಡುತ್ತಿದ್ದ. ಆ ತುದಿಯಲ್ಲಿ ಯಾರೂ ಇರುತ್ತಿರಲಿಲ್ಲ.

ಕೊನೆಗೆ ಅವಳೇ ಆ ತುದಿಗೆ ನಿಂತಳು. ಮೊದಲ ಕೆಲಸ ಒಂದು ಹಳೇ ಊಟದ ಮೇಜು. ಉಪ್ಪು ಕಾಗದದಲ್ಲಿ ಉಜ್ಜಿ ಹಳೇ ಬಣ್ಣ ತೆಗೆದು, ಅವನು ತೋರಿಸಿಕೊಟ್ಟ ಹಾಗೆ ಎಣ್ಣೆ ತಿಕ್ಕಿದಳು. ಮರ ಜೀವ ಬಂದ ಹಾಗೆ ಕೆಂಪೇರಿತು. ಖುಷಿಯಲ್ಲಿ ಬಟ್ಟೆಯನ್ನು ಹಿಂಡಿ, ಉಂಡೆ ಕಟ್ಟಿ, ಕಾಗದದ ಕಸ ತುಂಬಿದ ಪೆಟ್ಟಿಗೆಗೆ ಎಸೆದಳು.

“ಏಯ್! ಏನ್ ಮಾಡ್ತಿದ್ದೀಯಾ?”

ಅವನು ಹಾರಿ ಬಂದು ಬಟ್ಟೆಯನ್ನು ಹೊರಗೆಳೆದ. ಬಾಗದ ಬೆರಳುಗಳಲ್ಲೇ ಬಿಡಿಸಿ ತಂತಿಯ ಮೇಲೆ ಹರಡಿದ.

“ನಿನಗೆ ಹೇಳಿಕೊಡಲಿಲ್ಲ, ನನ್ನದೇ ತಪ್ಪು. ಈ ಎಣ್ಣೆ ಒಣಗ್ತಾ ಬಿಸಿಯಾಗುತ್ತೆ ಕಣೇ. ಹರಡಿಟ್ರೆ ಆ ಬಿಸಿ ಗಾಳಿಗೆ ಹೋಗುತ್ತೆ. ಮುದ್ದೆ ಮಾಡಿ ತುರುಕಿದ್ರೆ ಒಳಗೊಳಗೇ ಕಾದು, ಕಡ್ಡಿ ಗೀರದೇನೇ ಹೊತ್ತಿಕೊಳ್ಳುತ್ತೆ. ಅಪ್ಪ ನಮ್ಮಿಬ್ಬರಿಗೂ ಕಲಿಸಿದ ಮೊದಲ ಪಾಠ ಇದು.” ಉಸಿರು ಬಿಟ್ಟ. “ಆವತ್ತು ಅವನು ಬಟ್ಟೆ ತಂತಿಗೆ ಹಾಕಿದ್ದನ್ನ ನಾನೇ ನೋಡಿದ್ದೆ. ನೋಡಿರದಿದ್ರೆ, ಆ ಸಿಗರೇಟಿನ ಕಥೆ ನಂಬ್ತಾನೇ ಇರಲಿಲ್ಲ.”

ಅವಳು ಎಣ್ಣೆ ಮೆತ್ತಿದ ತನ್ನ ಎರಡೂ ಅಂಗೈಗಳನ್ನು ನೋಡಿದಳು.

“ನಿಮ್ಮ ತಮ್ಮನನ್ನ ಮನೆಗೆ ಕರೀರಿ,” ಎಂದಳು. “ಆವತ್ತು ಹೊಸ್ತಿಲು ದಾಟಿ ಹೋಗಬೇಕಿದ್ದವಳು ನಾನು.”