ಎಮ್ಮೆ ಎದ್ದುಹೋದ ಮಧ್ಯಾಹ್ನ

ಮಧ್ಯಾಹ್ನದ ನಿದ್ದೆಯಲ್ಲಿ ಚಂದ್ರಕಲಾ ಜೋರಾಗಿ ನಕ್ಕಳು. ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದ ಗಂಡ ಮರಿಲಿಂಗ ಗಾಬರಿಯಾಗಿ ಎಬ್ಬಿಸಿದ. ಅವಳ ಸೊಂಟನೋವು ಹಲವು ವರ್ಷಗಳದು. ಮಲಗಿದರೆ ಸಾಕು, ಕನಸಿನಲ್ಲಿ ಎಮ್ಮೆಯೊಂದು ಬಂದು ಸೊಂಟದ ಮೇಲೆ ಕೂರುತ್ತಿತ್ತು. ಅವಳು ನರಳುತ್ತಲೇ ಏಳುತ್ತಿದ್ದಳು.

“ಇವತ್ತು ಎಮ್ಮಿ ಬರ್ಲಿಲ್ಲೇನು?”

“ಬಂದಿತ್ರಿ. ಒಂದು ಏಟು ಹಾಕೀನಿ, ಎದ್ದು ಓಡ್ತು. ನಾನೂ ಅದರ ಹಿಂದ ರಂಗಂಪೇಟಿ ತನಕ ಓಡೀನಿ.”

“ಈಗ ನೋವು?”

ಅವಳು ಸೊಂಟ ಮುಟ್ಟಿ ನೋಡಿಕೊಂಡಳು. “ನೋವು ಅದ ರೀ. ಆದ್ರೂ ಓಡಿದ ಖುಷಿ ಕಾಲಾಗ ಇನ್ನೂ ಅದ.”

ಗಂಡನ ಹೆಗಲು ಹಿಡಿದು ಎದ್ದವಳು ಚಪ್ಪಲಿ ಮೆಟ್ಟಿದಳು. “ಬರ್ರಿ, ಓಣಿ ತುದಿತನಕ ಅಡ್ಡಾಡಿ ಬರೂಣು.”

ಅವಳು ಹೀಗೆ ಕರೆದು ಎಷ್ಟೋ ಕಾಲವಾಗಿತ್ತು. ಮರಿಲಿಂಗ ಶೇಂಗಾ ಅಲ್ಲೇ ಬಿಟ್ಟು, ಅವಳಿಗಿಂತ ಮೊದಲೇ ಹೋಗಿ ಬಾಗಿಲು ತೆರೆದ.