ಸ್ಟಿಕ್ಕರ್ ಕೇಳದ ಹಾದಿ

ಕರೆಮ್ಮ ಆಟೊ ನಿಲ್ಲಿಸಿ ಹಿಂದಕ್ಕೆ ತಿರುಗಿದವಳೇ ಹಿಂದೆ ಕೂತಿದ್ದ ಮ್ಯಾಪ್ ಕಂಪನಿಯ ಸಾಹೇಬನ ಫೋನಿನ ಮೇಲೆ ಅಂಗೈ ಇಟ್ಟುಬಿಟ್ಟಳು. ಹಳ್ಳ ಬಂದು ಸಂತೆಕಲ್ಲೂರಿನ ರಸ್ತೆ ಮುಳುಗಿದ್ದಕ್ಕೆ ಆಕೆ ಆಟೊವನ್ನು ಕುರಿ ಹಾದಿಗೆ ಇಳಿಸಿದ್ದಳು.

"ಈ ಹಾದಿ ನಮ್ಮ ಮ್ಯಾಪಿನಲ್ಲಿ ಇಲ್ವಲ್ಲಮ್ಮ! ಗುರುತು ಹಾಕ್ಕೊಳ್ತೀನಿ, ಕೈ ತೆಗೀರಿ," ಅಂದ ಸಾಹೇಬ.

ಮ್ಯಾಪು ಎಲ್ಲರದು, ಯಾರು ಬೇಕಾದರೂ ಅದಕ್ಕೆ ದಾರಿ ತುಂಬಬಹುದು ಎಂದು ಕಂಪನಿಯವರೇ ಹೇಳಿದ್ದರು. ಮಸ್ಕಿ ಸುತ್ತಲಿನ ಓಣಿ ಓಣಿಯನ್ನೂ ಎರಡು ವರ್ಷ ಪುಕ್ಕಟೆ ತುಂಬಿದವಳು ಕರೆಮ್ಮ. ಈಗ ಅದೇ ಮ್ಯಾಪಿನಿಂದ ಬಾಡಿಗೆ ಸಿಗುವುದು ಕಂಪನಿಯ ಸ್ಟಿಕ್ಕರ್ ಅಂಟಿಸಿಕೊಂಡ ಆಟೊಗಳಿಗಷ್ಟೇ; ಕರೆಮ್ಮನ ಆಟೊಗೆ ಅದಿಲ್ಲ.

"ಇದು ನಮ್ಮ ಕುರಿಯವ್ರು ತುಳಿದು ಮಾಡಿದ ಹಾದಿ ರೀ," ಅಂದಳು ಕರೆಮ್ಮ, ಎದೆಯುಬ್ಬಿಸಿ. "ಇಲ್ಲಿ ಯಾರು ಬೇಕಾದ್ರೂ ಹಾಯಬಹುದು. ಯಾರಿಗೂ ಸ್ಟಿಕ್ಕರ್ ಕೇಳಂಗಿಲ್ಲ. ನಿಮಗೂ ಕೇಳಿಲ್ಲ ನೋಡ್ರಿ."

ಸಾಹೇಬ ಫೋನನ್ನು ಕಿಸೆಗೆ ಇಳಿಸುವವರೆಗೂ ಆಟೊ ಹೊರಡಲಿಲ್ಲ.