ಕೊಡಗಳ ಸಾಲು

ಬೀದಿ ನಲ್ಲಿಯ ಮುಂದೆ ಯಾರ ಕೊಡ ಮೊದಲು ಎಂದು ತೀರ್ಮಾನಿಸುವವರು ಯಾರು? ಪಾಪ, ವಿನುತಾಳ ಪಿಎಚ್‌ಡಿ ವಿಷಯ ಅದು. ತಿಂಗಳಿನಿಂದ ನಲ್ಲಿಕಟ್ಟೆಗೆ ಬಂದು ನೋಡುತ್ತಿದ್ದರೂ ಅಲ್ಲಿ ಜಗಳವಿಲ್ಲ, ಗದರುವವರೂ ಇಲ್ಲ. ಸಾಲು ಮಾತ್ರ ದಿನಕ್ಕೊಂದು ರೀತಿ. ಉತ್ತರ ಸಿಗದಿದ್ದರೆ ಬೇರೆ ವಿಷಯ ಹುಡುಕಿಕೊಳ್ಳಿ ಎಂದು ಗೈಡ್ ಹೇಳಿಬಿಟ್ಟಿದ್ದರು.

ಬೀದಿಯ ಹೆಂಗಸರೇನೋ ಬಹಳ ಒಳ್ಳೆಯವರು. ಬೆಳಿಗ್ಗೆ ಅವಳು ತಿರುವಿನಲ್ಲಿ ಕಂಡರೆ ಸಾಕು, ಒಬ್ಬರು ಕಾಫಿ ಹಿಡಿದು, ಇನ್ನೊಬ್ಬರು ಕೋಡುಬಳೆ ಹಿಡಿದು "ಮೊದ್ಲು ಇಲ್ಲಿ ಬಾರವ್ವ" ಎಂದು ಕರೆಯುತ್ತಿದ್ದರು.

ಒಂದು ದಿನ ಅವಳು ತಡೆಯಲಾರದೆ ಸಾಲಿನಲ್ಲಿ ಕೊಡ ಇಟ್ಟು ನಿಂತಿದ್ದ ಚಿಕ್ಕತಾಯಮ್ಮನ ಕೈ ಹಿಡಿದುಕೊಂಡಳು.

"ಅಮ್ಮಾ, ನಿಜ ಹೇಳಿ. ಇಲ್ಲಿ ಯಾರ ಮಾತು ನಡೆಯುತ್ತೆ?"

"ಗೊತ್ತಿಲ್ದಂಗೆ ಕೇಳ್ತೀಯಲ್ಲವ್ವ! ಮುಂಚೆ ದಿನಾ ಜುಟ್ಟು ಹಿಡ್ಕೊಂಡು ಕಿತ್ತಾಡ್ತಿದ್ವಿ. ಈ ಒಂದು ತಿಂಗಳಿಂದ ತಾನೇ ನೆಮ್ಮದಿ."

"ಯಾರು ನಿಲ್ಲಿಸಿದ್ದು?"

ಚಿಕ್ಕತಾಯಮ್ಮ ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಬೆಳಿಗ್ಗೆ ನೀನು ಬಂದು ಮೊದ್ಲು ಯಾರನ್ನ ಮಾತಾಡಿಸ್ತೀಯೋ ಅವ್ರ ಕೊಡಾನೇ ಮುಂದೆ ಅಂತ ಮಾಡ್ಕೊಂಡಿದೀವಿ ಕಣವ್ವ, ನಾಳೆ ನಮ್ಮನೇಲಿ ಒಬ್ಬಟ್ಟು, ಮರೀಬೇಡ."